ವಿಠ್ಠಲ ಹೋದ ದಾರಿ: ಹಂಪೆಯ ರಂಗಮಂಟಪ ಮತ್ತು ಆಲೂರು ಸೀಮೆ

1953ರ ಸೆಪ್ಟೆಂಬರ್ ಮುಗಿಯುವವರೆಗೆ ಹಂಪೆಯೂ ಚಿಪ್ಪಗಿರಿಯೂ ಒಂದೇ ಜಿಲ್ಲೆಯ ಊರುಗಳಾಗಿದ್ದವು. ಹಂಪೆ ಹೊಸಪೇಟೆ ತಾಲ್ಲೂಕಿಗೆ ಸೇರಿತ್ತು, ಚಿಪ್ಪಗಿರಿ ಆಲೂರು ತಾಲ್ಲೂಕಿಗೆ. ಎರಡೂ ಕಡೆಯ ಕಾಗದಪತ್ರಗಳು ಬಳ್ಳಾರಿಯ ಕಲೆಕ್ಟರ್ ಕಚೇರಿಗೇ ಹೋಗುತ್ತಿದ್ದವು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಅಸ್ತಿತ್ವಕ್ಕೆ ಬಂದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದರ ಪಾಲಾದವು. ಉಳಿದವು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯನ್ನು ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವಿಚಾರಣೆಗೆ ಒಪ್ಪಿಸಿ ತೀರ್ಮಾನಿಸಲಾಯಿತು. ಆದವಾನಿ ಮತ್ತು ಆಲೂರು ಕರ್ನೂಲು ಜಿಲ್ಲೆಗೆ ಸೇರಿದವು, ರಾಯದುರ್ಗ ಅನಂತಪುರಕ್ಕೆ. ಈ ವಿಭಜನೆಯ ಚರಿತ್ರೆಯನ್ನು ಶಾಲೆ, ನೌಕರಿ, ನೀರಾವರಿಗಳ ದೃಷ್ಟಿಯಿಂದ ಸಾಕಷ್ಟು ಮಂದಿ ಚರ್ಚಿಸಿದ್ದಾರೆ. ಅದೇ ಗೆರೆ ಒಂದು ಮಂಟಪವನ್ನೂ ಆ ಮಂಟಪದ ದೇವರ ಹೆಸರಿನಲ್ಲಿ ಹುಟ್ಟಿದ ಹಾಡುಗಳನ್ನೂ ಬೇರೆ ಬೇರೆ ರಾಜ್ಯಗಳಲ್ಲಿ ಇಟ್ಟಿತು ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಇಂದು ಆಲೂರಿನಿಂದ ಹಂಪೆಗೆ ಹೊರಡುವವರು ಬಳ್ಳಾರಿ, ಹೊಸಪೇಟೆಗಳನ್ನು ಹಾದು ಬರುತ್ತಾರೆ. ವಾಹನವನ್ನು ದೂರದಲ್ಲೇ ನಿಲ್ಲಿಸಿ, ಬ್ಯಾಟರಿ ಗಾಡಿಯಲ್ಲಿ ಕುಳಿತು, ಹಳೆಯ ಪೇಟೆಬೀದಿಯ ಸಾಲುಗಂಬಗಳ ಪಕ್ಕದಿಂದ ವಿಠ್ಠಲ ದೇವಾಲಯದ ಬಾಗಿಲಿಗೆ ಇಳಿಯುತ್ತಾರೆ. ಐವತ್ತು ರೂಪಾಯಿಯ ನೋಟಿನ ಮೇಲಿರುವ ಕಲ್ಲಿನ ರಥದ ಎದುರು ಮೊದಲು ಚಿತ್ರ ತೆಗೆಸಿಕೊಳ್ಳುವುದು ವಾಡಿಕೆ. ಅದಾದ ಮೇಲೆ ಮಾರ್ಗದರ್ಶಕನು ಪಶ್ಚಿಮಕ್ಕೆ ತಿರುಗಿ, ಎತ್ತರದ ಜಗತಿಯ ಮೇಲೆ ನಿಂತ ರಂಗಮಂಟಪವನ್ನು ತೋರಿಸಿ, ಇದು ಸಂಗೀತ ಮಂಟಪ, ಇಲ್ಲಿಯ ಕಂಬಗಳು ಸಪ್ತಸ್ವರ ನುಡಿಯುತ್ತವೆ ಎನ್ನುತ್ತಾನೆ. ಗುಂಪು ಯಾವ ಕಡೆಯದೆಂದು ನೋಡಿಕೊಂಡು ಆತ ತೆಲುಗಿನಲ್ಲಿ ಆರಂಭಿಸುವುದೂ ಉಂಟು. ಆಲೂರಿನವರು ಕನ್ನಡದಲ್ಲಿ ಪ್ರಶ್ನೆ ಕೇಳಿದ ಮೇಲೆ ಭಾಷೆ ಬದಲಾಗುತ್ತದೆ. ಕಂಬಗಳನ್ನು ಮುಟ್ಟುವುದಕ್ಕೆ ಮಾತ್ರ ಅವಕಾಶವಿಲ್ಲ. ಬೆರಳಿನಿಂದಲೂ ಕೋಲಿನಿಂದಲೂ ದಶಕಗಳ ಕಾಲ ತಟ್ಟಿಸಿಕೊಂಡ ಆ ಕಲ್ಲುಗಳನ್ನು ಉಳಿಸಲು ಪುರಾತತ್ತ್ವ ಇಲಾಖೆ ಅಡ್ಡಗಟ್ಟೆ ಹಾಕಿದೆ. ಹೀಗಾಗಿ ನಾದಕ್ಕಾಗಿಯೇ ಪ್ರಸಿದ್ಧವಾದ ಮಂಟಪವನ್ನು ಪ್ರವಾಸಿಗರು ಕಣ್ಣಿನಿಂದ ನೋಡಿ ಹಿಂದಿರುಗುತ್ತಾರೆ.

ನೋಡುವುದಕ್ಕಾದರೂ ಕೊರತೆಯಿಲ್ಲ. ಸುಮಾರು ಹನ್ನೆರಡು ಅಡಿ ಎತ್ತರದ ಐವತ್ತಾರು ಕಂಬಗಳು. ಹೊರಸಾಲಿನಲ್ಲಿ ಒಂದೊಂದು ಕಂಬವೂ ಒಂದು ಗುಂಪು: ಒಂದೇ ಬಂಡೆಯಿಂದ ನಡುವಿನ ದಪ್ಪ ಕಂಬವನ್ನೂ ಅದರ ಸುತ್ತ ಬೆತ್ತದಂಥ ಸಣ್ಣ ಕಂಬಗಳನ್ನೂ ಬಿಡಿಸಿದ್ದಾರೆ. ಒಳಗೆ ಯಾಳಿಗಳು, ಕುದುರೆಗಳು, ಮದ್ದಳೆಯವರು, ನರ್ತಕಿಯರು. ಚಾವಣಿಯ ಅಂಚು ಮರದ ಕೆಲಸವೋ ಎಂಬಂತೆ ಬಾಗಿ ಹೊರಚಾಚಿದೆ. ಗ್ರಾನೈಟಿನಂಥ ಒರಟು ಕಲ್ಲಿನಲ್ಲಿ ಇಷ್ಟು ನಯಗಾರಿಕೆ ಸಾಧ್ಯವೆಂಬುದು 19ನೆಯ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ನನನ್ನೂ ಬೆರಗುಗೊಳಿಸಿತ್ತು.

ಆದರೆ ಈ ಸಣ್ಣ ಕಂಬಗಳನ್ನು ನುಡಿಸಲೆಂದೇ ಕಡೆದರೆ? ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣುಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಗಳಿಗೆ ಹಾನಿಯಾಗದ ವಿಧಾನದಿಂದ ಪರೀಕ್ಷೆ ನಡೆಸಿ, ಅವು ಟೊಳ್ಳಲ್ಲ, ಗಟ್ಟಿ ಕಲ್ಲೇ, ತಟ್ಟಿದಾಗ ಬಾಗುವ ಕಂಪನದಿಂದ ನಾದ ಹೊರಡುತ್ತದೆ ಎಂದು ತೋರಿಸಿದ್ದಾರೆ. ಕಂಬದೊಳಗಿನ ಗುಟ್ಟು ಕಾಣಲು ಬ್ರಿಟಿಷರು ಎರಡು ಕಂಬಗಳನ್ನು ಕತ್ತರಿಸಿದರೆಂಬ ಕಥೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಡ. ಉದ್ದ, ದಪ್ಪ, ಶಿಲೆಯ ಸಾಂದ್ರತೆ ಇವು ಕಂಬದ ಶ್ರುತಿಯನ್ನು ನಿರ್ಧರಿಸುತ್ತವೆ ಎಂಬುದು ಭೌತಶಾಸ್ತ್ರದ ಮಾತು. ಶಿಲ್ಪಿಯ ಉದ್ದೇಶವೇನಿತ್ತು ಎಂಬುದನ್ನು ಅದು ಹೇಳಲಾರದು. ತಿರುನೆಲ್ವೇಲಿಯ ನೆಲ್ಲೈಯಪ್ಪರ್ ಗುಡಿಯಲ್ಲಿ, ಶುಚೀಂದ್ರಂನಲ್ಲಿ ಇಂಥ ಕಂಬಗಳಿವೆ. ಅಲ್ಲಿಯೂ ಅಲಂಕಾರ ಮತ್ತು ನಾದಗಳ ಸಂಬಂಧ ಇದೇ ಪ್ರಶ್ನೆಯನ್ನು ಎತ್ತುತ್ತದೆ. ವಿಜಯನಗರವನ್ನು ಕಂಡು ಬರೆದ ಪೋರ್ಚುಗೀಸರಾದ ಪೇಸ್ ಮತ್ತು ನೂನಿಜ್ ಇಬ್ಬರೂ ಕಂಬ ನುಡಿಸುವ ವಿಷಯವನ್ನು ಎತ್ತುವುದಿಲ್ಲ. ಇನ್ನೂ ಒಂದು ಸಂಗತಿಯಿದೆ. ಈ ಪ್ರಾಕಾರದಲ್ಲಿ ಕೃಷ್ಣದೇವರಾಯ 1516ರಲ್ಲಿ ನೂರುಗಂಬದ ಮಂಟಪ ಕಟ್ಟಿಸಿದ. 1554ರಲ್ಲಿ, ಸದಾಶಿವರಾಯನ ಕಾಲದಲ್ಲಿ, ಉದಯಗಿರಿ ತಿಮ್ಮರಾಜು ಒಂದು ಉಯ್ಯಾಲೆ ಮಂಟಪವನ್ನು ಕಟ್ಟಿಸಿದ. ಆ ಉಯ್ಯಾಲೆ ಮಂಟಪವೇ ಇಂದಿನ ಸಂಗೀತ ಮಂಟಪವೆಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಅದು ನಿಜವಾದರೆ ಇಲ್ಲಿ ನಡೆಯುತ್ತಿದ್ದುದು ದೇವರನ್ನು ಉಯ್ಯಾಲೆಯಲ್ಲಿಟ್ಟು ತೂಗುವ ಉತ್ಸವ. ಹಾಡು ಅದರ ಜೊತೆಗೆ ಬಂದದ್ದು.

ಕಚೇರಿಗೆಂದೇ ಕಟ್ಟಿದ ಭವನ ಎಂಬ ಕಲ್ಪನೆಯನ್ನು ನಾವು ಹಂಪೆಯ ಮೇಲೆ ಹೊರಿಸಿ ನೋಡುತ್ತಿದ್ದೇವೆಯೇ ಎಂಬ ಅನುಮಾನ ಇಲ್ಲಿಂದಲೇ ಹುಟ್ಟುತ್ತದೆ. ಕನ್ನಡ ಶಾಸನಗಳಲ್ಲಿ ದೇವರ ‘ಅಂಗಭೋಗ ರಂಗಭೋಗ’ಗಳಿಗೆಂದು ದತ್ತಿ ಬಿಡುವ ಮಾತು ಮತ್ತೆ ಮತ್ತೆ ಬರುತ್ತದೆ. ಅಭಿಷೇಕ, ಗಂಧ, ನೈವೇದ್ಯಗಳು ಅಂಗಭೋಗವಾದರೆ ಗೀತ, ವಾದ್ಯ, ನೃತ್ಯಗಳು ರಂಗಭೋಗ. ಕೇಳುವವನು ದೇವರು. ಊರಿನವರ ಕಿವಿಗೂ ಅದು ಬೀಳುತ್ತಿತ್ತು, ಆದರೆ ಅವರಿಗಾಗಿ ಆಸನವಿರಲಿಲ್ಲ, ಅವರಿಂದ ಹಣ ಪಡೆದವರೂ ಇರಲಿಲ್ಲ. ದುಡ್ಡು ಕೊಟ್ಟು ಬಂದು, ಮೌನವಾಗಿ ಕುಳಿತು ಕೇಳುವ ಸಭಿಕರಿಗಾಗಿಯೇ ಕಟ್ಟುವ ಭವನಗಳು ಯುರೋಪಿನಲ್ಲೂ ಹಳೆಯವಲ್ಲ. ಲೈಪ್‌ಜಿಗ್‌ನ ಗೆವಾಂಡ್‌ಹೌಸ್ 1781ರಲ್ಲಿ, ವಿಯೆನ್ನಾದ ಮ್ಯೂಸಿಕ್‌ಫೆರೈನ್ 1870ರಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ 1871ರಲ್ಲಿ ತೆರೆದವು. ಈ ಕೊನೆಯದರ ಚರಿತ್ರೆಯಲ್ಲಿ ಕನ್ನಡ ನಾಡಿನ ಒಂದು ಹೆಸರೂ ಇದೆ: 1950ರ ಮೇ 22ರಂದು ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳನ್ನು ಫ್ಲಾಗ್‌ಸ್ಟಾಡ್ ಅಲ್ಲಿ ಮೊದಲ ಬಾರಿಗೆ ಹಾಡಿದ್ದು ಜಯಚಾಮರಾಜೇಂದ್ರ ಒಡೆಯರ ಧನಸಹಾಯದಿಂದ. ಆ ಭವನಗಳಲ್ಲಿ ಹಗಲು ಪ್ರವಾಸಿಗರು ಸುತ್ತಾಡಿ ಚಿನ್ನದ ಲೇಪ, ಗುಮ್ಮಟ, ಮಹಡಿಸಾಲುಗಳನ್ನು ನೋಡುತ್ತಾರೆ. ಸಂಜೆಯಾದರೆ ಅದೇ ಕುರ್ಚಿಗಳಲ್ಲಿ ಶ್ರೋತೃಗಳು ಬಂದು ಕೂರುತ್ತಾರೆ. ಹಂಪೆಗೆ ಆ ಸಂಜೆಯಿಲ್ಲ. ಎಂ. ಪಿ. ಪ್ರಕಾಶ್ ಅವರ ಮುತುವರ್ಜಿಯಿಂದ ಆರಂಭವಾದ ಹಂಪಿ ಉತ್ಸವ ವರ್ಷಕ್ಕೊಮ್ಮೆ ಸಂಗೀತವನ್ನು ತಂದಿತೆಂಬುದು ನಿಜ, ಆದರೆ ಅದರ ವೇದಿಕೆಗಳು ಬೇರೆಯವು. ಸ್ಮಾರಕ ಅಲ್ಲಿ ಹಿನ್ನೆಲೆಯ ಚಿತ್ರ.

ಹಾಗೆ ನೋಡಿದರೆ, ಪ್ರವಾಸಿಯಾಗಿ ಬಂದು ಅಲಂಕೃತ ರಂಗಶಾಲೆಯೊಂದನ್ನು ಬರಿದಾಗಿರುವಾಗ ಕಂಡವರಲ್ಲಿ ಡೊಮಿಂಗೊ ಪೇಸ್ ಮೊದಲಿಗರ ಸಾಲಿನವನು. 1520ರ ಆಸುಪಾಸಿನಲ್ಲಿ ಕ್ರಿಸ್ಟೊವಾವ್ ಡಿ ಫಿಗೆರೆಡೊನ ಜೊತೆ ಬಂದ ಆತನಿಗೆ, ಅಂತಃಪುರವೊಂದನ್ನು ಬಿಟ್ಟು ಅರಮನೆಯ ಕೆಲವು ಭಾಗಗಳನ್ನು ತೋರಿಸಲು ಕೃಷ್ಣದೇವರಾಯ ಒಪ್ಪಿದ. ನಗರದ ಅಧಿಕಾರಿಯೇ ಮುಂದೆ ನಿಂತು ತೋರಿಸಿದ. ಅಲ್ಲಿ ಅರಮನೆಯ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸುವ ಶಾಲೆಯೊಂದನ್ನು ಪೇಸ್ ಕಂಡ: ಉದ್ದವಾದ, ಅಷ್ಟೇನೂ ಅಗಲವಲ್ಲದ ಮನೆ; ಸುತ್ತ ಚಿನ್ನದ ಲೇಪದ ಕಂಬಗಳು; ಅವುಗಳ ನಡುವೆ ಕುಣಿಯುವ ಹೆಂಗಸರ ಕೆತ್ತನೆಗಳು. ಆ ಕೆತ್ತನೆಗಳ ಉಪಯೋಗವನ್ನೂ ಆತ ಕೇಳಿ ತಿಳಿದುಕೊಂಡ. ಒಂದೊಂದು ನೃತ್ಯ ಮುಗಿಯುವಾಗ ಮೈ ಯಾವ ಭಂಗಿಯಲ್ಲಿ ನಿಲ್ಲಬೇಕೋ ಅದನ್ನು ಕಲ್ಲಿನಲ್ಲಿ ತೋರಿಸಲಾಗಿತ್ತು. ಕಲಿಯುವವಳು ಮರೆತರೆ ಗೋಡೆಯ ಕಡೆ ನೋಡಿದರಾಯಿತು. ಒಂದು ತುದಿಯಲ್ಲಿ, ಕೈಯಿಂದ ಹಿಡಿದು ಜೋತು ಮೈಕಾಲು ಸಡಿಲಿಸಿಕೊಳ್ಳುವ ಜಾಗ. ಇನ್ನೊಂದು ತುದಿಯಲ್ಲಿ ಅರಸ ಕೂರುವೆಡೆ. ನೆಲ, ಗೋಡೆಗಳಿಗೆಲ್ಲ ಚಿನ್ನ. ನಡುವೆ ಹನ್ನೆರಡು ವರ್ಷದ ಹುಡುಗಿಯಷ್ಟೆತ್ತರದ ಚಿನ್ನದ ಪ್ರತಿಮೆ. ಪೇಸ್ ಬರೆದ ಈ ಶಾಲೆಯ ವರ್ಣನೆಯಲ್ಲಿ ನೃತ್ಯವನ್ನು ಕಂಡ ಮಾತಿಲ್ಲ. ಆದರೂ ಆತನ ಬರಹದಿಂದ ಒಂದು ಮುಖ್ಯ ಸಂಗತಿ ದಕ್ಕುತ್ತದೆ: ಆ ಶಾಲೆಯ ಶಿಲ್ಪ ಅಲಂಕಾರವಷ್ಟೇ ಆಗಿರದೆ ಪಾಠಪುಸ್ತಕವಾಗಿತ್ತು, ಓದುವವರು ಇರುವವರೆಗೆ ಮಾತ್ರ ಅದಕ್ಕೆ ಅರ್ಥವಿತ್ತು. ಆ ಮನೆ ಇಂದು ಉಳಿದಿಲ್ಲ.

ವಿಠ್ಠಲನ ಮಂಟಪ ಉಳಿಯಿತು, ವಿಠ್ಠಲ ಉಳಿಯಲಿಲ್ಲ. ಗರ್ಭಗೃಹ ಬರಿದಾಗಿದೆ. ಪಂಢರಪುರದ ಮೂರ್ತಿಯನ್ನು ರಾಯ ಇಲ್ಲಿಗೆ ತಂದನೆಂದೂ ಸಂತ ಭಾನುದಾಸ ಅದನ್ನು ಮರಳಿ ಒಯ್ದನೆಂದೂ ಮರಾಠಿ ಸಂಪ್ರದಾಯ ಹೇಳುತ್ತದೆ. ದೇವರೇ ಈ ಅತಿ ವೈಭವದ ಮನೆ ಒಲ್ಲೆನೆಂದು ಹಿಂದಿರುಗಿದನೆಂಬ ಜನರ ಮಾತೂ ಇದೆ. 1565ರ ಜನವರಿಯ ಯುದ್ಧದ ನಂತರದ ಸುಲಿಗೆಯಲ್ಲಿ ಗುಡಿ ಹಾಳಾಯಿತೆಂಬುದು ಇತಿಹಾಸಕಾರರ ಸಾಮಾನ್ಯ ನಿಲುವು. ಮೂರ್ತಿಯ ಗತಿ ಏನೇ ಇರಲಿ, ಹೆಸರಿನ ಗತಿ ಬೇರೆಯೇ ಆಯಿತು. ವ್ಯಾಸತೀರ್ಥರು ವಿಜಯನಗರದಲ್ಲಿದ್ದ ಕಾಲದಲ್ಲಿ ಬೆಳೆದ ದಾಸಕೂಟದ ಹಾಡುಗಳು ವಿಠ್ಠಲನ ಅಂಕಿತವನ್ನು ಹೊತ್ತಿದ್ದವು. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ, ಯುದ್ಧಕ್ಕೆ ಮುಂಚಿನ ವರ್ಷ. ಅವರ ಹೆಸರಿನ ಮಂಟಪ ಇರುವುದು ವಿಠ್ಠಲ ದೇವಾಲಯದ ಪ್ರಾಕಾರದ ಹೊರಗೆ, ತುಂಗಭದ್ರೆಯ ದಂಡೆಯಲ್ಲಿ. ಅಲಂಕಾರ ಹೆಚ್ಚಿಲ್ಲದ, ನಾಲ್ಕೂ ಕಡೆ ತೆರೆದ ಕಲ್ಲಿನ ಕಟ್ಟಡ. ಜಲಾಶಯ ತುಂಬಿ ನೀರು ಬಿಟ್ಟ ವರ್ಷಗಳಲ್ಲಿ ಅದು ಮುಳುಗುತ್ತದೆ. ಪ್ರವಾಸಿಗರಲ್ಲಿ ಹೆಚ್ಚಿನವರು ಅದರ ಕಡೆ ತಿರುಗುವುದಿಲ್ಲ. ಅಲ್ಲಿ ಪುಷ್ಯ ಬಹುಳ ಅಮಾವಾಸ್ಯೆಯ ಆರಾಧನೆಗೆ ಈಗಲೂ ಹಾಡುವವರು ಸೇರುತ್ತಾರೆ.

ಮುಂದಿನ ಒಂದು ಶತಮಾನಕ್ಕೂ ಹೆಚ್ಚು ಕಾಲದ ಬಳಿಕ ಈ ಅಂಕಿತ ಮತ್ತೆ ಎದ್ದು ಬಂದದ್ದು ಆಲೂರು ಸೀಮೆಯ ಆಸುಪಾಸಿನಲ್ಲಿ. ವಿಜಯನಗರ ಬಿದ್ದ ಕೆಲವೇ ವರ್ಷಗಳಲ್ಲಿ ಆದವಾನಿ ಬಿಜಾಪುರದ ಕೈಸೇರಿತು, ಅನಂತರ ಮೊಗಲರ, ಅದಾದ ಮೇಲೆ ನಿಜಾಮರ. ರಾಘವೇಂದ್ರತೀರ್ಥರಿಗೆ ಮಂಚಾಲೆ ಗ್ರಾಮ ದೊರೆತದ್ದು ಆದವಾನಿಯ ಆಡಳಿತಗಾರ ಸಿದ್ದಿ ಮಸೂದ್ ಖಾನನಿಂದ ಎಂಬುದು ಮಠದ ಸಂಪ್ರದಾಯ. ವಿಜಯನಗರದಂಥ ರಾಜಾಶ್ರಯ ಇಲ್ಲವಾದ ಈ ಕಾಲದಲ್ಲಿ, ಮಾನ್ವಿ ಸೀಮೆಯ ಚೀಕಲಪರ್ವಿಯ ಬಡ ಮನೆಯೊಂದರಲ್ಲಿ 1682ರಲ್ಲಿ ದಾಸಪ್ಪ ಹುಟ್ಟಿದ. ಕಾಶಿಯಲ್ಲಿದ್ದಾಗ ಸ್ವಪ್ನದಲ್ಲಿ ಪುರಂದರದಾಸರೇ ಬಂದು ‘ವಿಜಯವಿಠ್ಠಲ’ ಎಂಬ ಅಂಕಿತ ಕೊಟ್ಟರೆಂದು ಪರಂಪರೆ ನಂಬುತ್ತದೆ. ಸ್ವಪ್ನದ ಮಾತು ನಂಬಿಕೆಗೆ ಸೇರಿದ್ದು. ಆದರೆ ಚರಿತ್ರಕಾರನಿಗೆ ಅದರಲ್ಲೂ ಒಂದು ಸುಳಿವಿದೆ. ಗುರುಶಿಷ್ಯರ ನಡುವೆ ನೂರಕ್ಕೂ ಹೆಚ್ಚು ವರ್ಷಗಳ ಅಂತರವಿರುವಾಗ, ಮುರಿದ ಕೊಂಡಿಯನ್ನು ಕೂಡಿಸಲು ಪರಂಪರೆಗೆ ಸ್ವಪ್ನವೇ ಬೇಕಾಯಿತು.

ವಿಜಯದಾಸರು ಕೊನೆಯ ದಿನಗಳನ್ನು ಕಳೆದು 1755ರ ಕಾರ್ತಿಕ ಶುದ್ಧ ದಶಮಿಯಂದು ದೇಹ ಬಿಟ್ಟದ್ದು ಚಿಪ್ಪಗಿರಿಯಲ್ಲಿ. ಅವರಿಂದ ಗೋಪಾಲದಾಸರು, ಗೋಪಾಲದಾಸರಿಂದ ‘ಹರಿಕಥಾಮೃತಸಾರ’ದ ಜಗನ್ನಾಥದಾಸರು, ಗೋಪಾಲವಿಠ್ಠಲ, ಜಗನ್ನಾಥವಿಠ್ಠಲ ಎಂದು ಅಂಕಿತ ಕವಲೊಡೆಯಿತು. ಇವರ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಮಾನ್ವಿ ಕರ್ನಾಟಕದಲ್ಲಿದೆ, ಚಿಪ್ಪಗಿರಿ ಆಂಧ್ರದಲ್ಲಿದೆ, ಗೋಪಾಲದಾಸರ ಉತ್ತನೂರು ತೆಲಂಗಾಣದಲ್ಲಿದೆ. 18ನೆಯ ಶತಮಾನದಲ್ಲಿ ಕಾಲ್ನಡಿಗೆಯಲ್ಲಿ ಒಂದಾಗಿದ್ದ ಒಂದು ಹಾಡಿನ ನೆಲ ಇಂದು ಮೂರು ರಾಜ್ಯಗಳ ಮೂರು ಅಂಚುಗಳಾಗಿದೆ, ಮೂರರಲ್ಲೂ ರಾಜಧಾನಿಯಿಂದ ದೂರ.

ವಿಜಯದಾಸರ ಹೆಸರು ವಿಶೇಷವಾಗಿ ನಿಂತಿರುವುದು ಸುಳಾದಿಗಳಲ್ಲಿ. ಸುಳಾದಿ ಎಂದರೆ ಒಂದೇ ತಾಳದಲ್ಲಿ ಸಾಗುವ ಪದವಲ್ಲ. ಒಂದೊಂದು ನುಡಿಗೂ ತಾಳ ಬದಲಾಗುತ್ತದೆ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳನ್ನು ದಾಟಿ ಕೊನೆಗೆ ಎರಡು ಸಾಲಿನ ‘ಜತೆ’ಯಲ್ಲಿ ಅದು ಮುಗಿಯುತ್ತದೆ. ಇಂದಿನ ಕರ್ನಾಟಕ ಸಂಗೀತದ ವಿದ್ಯಾರ್ಥಿ ಮೊದಲ ವರ್ಷ ಕಲಿಯುವ ಏಳು ತಾಳಗಳಿಗೆ ‘ಸುಳಾದಿ ಸಪ್ತತಾಳ’ ಎಂಬ ಹೆಸರು ಇಲ್ಲಿಂದಲೇ ಬಂದದ್ದು. ಇಂಥ ರಚನೆಯನ್ನು ಹಿಡಿದು ನಡೆಸಲು ತರಬೇತಿಯಾದ ಕೈ ಬೇಕು, ನೆನಪು ಬೇಕು, ತಂಬೂರಿ ಮತ್ತು ತಾಳ ಬೇಕು. ಭವನ ಬೇಕಾಗಿಲ್ಲ. ದಾಸರು ಹಾಡಿದ್ದು ಗುಡಿಯ ಹಜಾರದಲ್ಲಿ, ಮನೆಯ ಪಡಸಾಲೆಯಲ್ಲಿ, ದಾರಿಯಲ್ಲಿ. ಹಂಪೆಯ ಶಿಲ್ಪಿಗೆ ಸಿಕ್ಕಿದ್ದ ರಾಜಾಶ್ರಯದ ಸಾವಿರದಲ್ಲೊಂದು ಪಾಲೂ ಅವರಿಗೆ ದಕ್ಕಲಿಲ್ಲ. ಆದರೆ ಎರಡು ಕಡೆಯನ್ನೂ ತಕ್ಕಡಿಯಲ್ಲಿಟ್ಟರೆ, ಸಂಗೀತದ ಚರಿತ್ರೆಗೆ ಚಿಪ್ಪಗಿರಿಯ ಕಡೆಯೇ ಭಾರ. ಏಳು ಸ್ವರದ ಕಂಬಗಳ ಬಗ್ಗೆ ದಿನಕ್ಕೆ ನೂರಾರು ಬಾರಿ ವಿವರಣೆ ನಡೆಯುವ ಸ್ಥಳದಲ್ಲಿ ಏಳು ತಾಳದ ಸುಳಾದಿಯ ಪ್ರಸ್ತಾಪವೇ ಬಾರದಿರುವುದನ್ನು ಅಕಸ್ಮಾತ್ತು ಎನ್ನಲಾಗದು. ಕಲ್ಲನ್ನು ತೋರಿಸಬಹುದು, ತಾಳವನ್ನು ತೋರಿಸಲಾಗದು.

ತೋರಿಸುವ ಹಂಪೆ ರೂಪುಗೊಂಡದ್ದು ಬ್ರಿಟಿಷರ ಕಾಲದಲ್ಲಿ. ಕಾಲಿನ್ ಮೆಕೆಂಜಿ 1799ರಲ್ಲಿ ಅವಶೇಷಗಳ ನಕ್ಷೆ ಮಾಡಿಸಿದ. ಮರುವರ್ಷ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟು, ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಕಾಗದದ ನೆಗೆಟಿವ್‌ಗಳಲ್ಲಿ ವಿಠ್ಠಲ ದೇವಾಲಯವನ್ನು ಸೆರೆಹಿಡಿದ. ಆ ಚಿತ್ರಗಳಲ್ಲಿ ಮನುಷ್ಯರಿಗಿಂತ ಕಲ್ಲೇ ಹೆಚ್ಚು. ರಾಬರ್ಟ್ ಸೀವೆಲ್ 1900ರಲ್ಲಿ ಪೇಸ್, ನೂನಿಜರ ಬರಹಗಳನ್ನು ಇಂಗ್ಲಿಷಿಗೆ ತಂದ. ಲಾಂಗ್‌ಹರ್ಸ್ಟ್ 1917ರಲ್ಲಿ ನೋಡಬಂದವರಿಗೆಂದೇ ಕೈಪಿಡಿ ಬರೆದ. 1904ರ ಡಬ್ಲ್ಯು. ಫ್ರಾನ್ಸಿಸನ ಬಳ್ಳಾರಿ ಗ್ಯಾಸೆಟಿಯರಿನಲ್ಲಿ ಹಂಪೆಯೂ ಚಿಪ್ಪಗಿರಿಯೂ ಒಂದೇ ಸಂಪುಟದೊಳಗಿವೆ, ಒಂದು ಬಹು ವಿಸ್ತಾರವಾಗಿ, ಇನ್ನೊಂದು ಚುಟುಕಾಗಿ. 1986ರ ವಿಶ್ವಪರಂಪರೆಯ ಮನ್ನಣೆ ಈ ಸಾಲಿನ ಮುಂದುವರಿಕೆ. ಮನ್ನಣೆಯಿಂದ ಕಲ್ಲು ಉಳಿದಿದೆ, ಅದನ್ನು ಅಲ್ಲಗಳೆಯಬೇಕಾದ್ದಿಲ್ಲ.

ಆಲೂರು ಸೀಮೆ ಕಳೆದುಕೊಂಡ ರಂಗ ಇದೊಂದೇ ಅಲ್ಲವೆಂಬುದನ್ನೂ ಹೇಳಬೇಕು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಳ್ಳಾರಿಯಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸವಿನೋದಿನೀ ಸಭೆಯೂ ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆಯೂ ಪೈಪೋಟಿಯಲ್ಲಿ ನಾಟಕವಾಡಿದವು. ಮುಂದೆ ಬಳ್ಳಾರಿ ರಾಘವ ಅದೇ ನಗರದಿಂದ ಬೆಳೆದು ತೆಲುಗು, ಕನ್ನಡ, ಇಂಗ್ಲಿಷುಗಳಲ್ಲಿ ಅಭಿನಯಿಸಿದರು. ವಿಜಯನಗರದ ಪತನವನ್ನು ಕುರಿತ ಕೋಲಾಚಲಂ ಅವರ ‘ರಾಮರಾಜು ಚರಿತ್ರ’ದಲ್ಲಿ ಅವರು ವಹಿಸಿದ ಪಠಾಣ ರುಸ್ತುಮನ ಪಾತ್ರ ಬಹಳ ಹೆಸರು ಪಡೆಯಿತು. ಹಂಪೆಯ ಬೀಳನ್ನು ತೆಲುಗು ನಾಟಕದಲ್ಲಿ ನೋಡಿ, ದಾಸರ ಪದವನ್ನು ಕನ್ನಡದಲ್ಲಿ ಹಾಡುವ ದ್ವಿಭಾಷಿಕ ಸಮುದಾಯಕ್ಕೆ ಬಳ್ಳಾರಿ ಸಹಜವಾದ ಕೇಂದ್ರವಾಗಿತ್ತು. 1953ರ ಗೆರೆ ಈ ಸಮುದಾಯವನ್ನು ಎರಡು ಬಹುಸಂಖ್ಯಾತ ಭಾಷೆಗಳ ಲೆಕ್ಕಕ್ಕೆ ಹಂಚಿತು. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರು ಗಡಿ ದಾಟಿ ಪಶ್ಚಿಮ ಕರ್ನೂಲಿಗೆ ಹರಿಯುವಂತೆ ಒಪ್ಪಂದಗಳಾದವು. ಹಾಡಿಗೆ ಅಂಥ ಒಪ್ಪಂದವೇನೂ ಇಲ್ಲ.

ಇದರ ಫಲ ಚಿಪ್ಪಗಿರಿಯ ಆರಾಧನೆಯಲ್ಲಿ ಕಾಣುತ್ತದೆ. ದಾಸರ ಪದಗಳು ತೆಲುಗು ಲಿಪಿಯಲ್ಲಿ ಅಚ್ಚಾಗಿ ಬಹುಕಾಲವಾಗಿದೆ. ಕನ್ನಡ ಓದಲು ಬಾರದ ಭಕ್ತರು ಅವುಗಳನ್ನೇ ಹಿಡಿದು ಹಾಡುತ್ತಾರೆ. ಲಿಪಿ ಇಲ್ಲಿ ತೊಡಕಲ್ಲ. ಎರಡೂ ಅಕ್ಕತಂಗಿಯರಂಥ ಲಿಪಿಗಳು. ಎ, ಒ ಕಾರಗಳ ಹ್ರಸ್ವದೀರ್ಘಗಳಾಗಲಿ ಳಕಾರವಾಗಲಿ ಯಾವುದೂ ತಪ್ಪಿಹೋಗುವುದಿಲ್ಲ. ತೊಡಕಿರುವುದು ಅರ್ಥದಲ್ಲಿ. ಪದಗಳನ್ನಾದರೆ ಧಾಟಿಯ ಬಲದಿಂದ ಹಾಡಿಬಿಡಬಹುದು. ಸುಳಾದಿಯ ಉದ್ದನೆಯ ನುಡಿಗಳಲ್ಲಿ ವಾಕ್ಯ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ತಾಳ ಎಲ್ಲಿ ತಿರುಗಬೇಕೆಂದು ತಿಳಿಯುವುದಿಲ್ಲ. ಶಾಲೆಯಲ್ಲಿ ಕನ್ನಡ ಕಲಿಯದ ತಲೆಮಾರಿಗೆ ಅದು ಉಚ್ಚರಿಸಬಹುದಾದ, ಹಿಂಬಾಲಿಸಲಾಗದ ಪಠ್ಯ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಆಲೂರು, ಹೊಳಗುಂದ, ಆದವಾನಿಗಳ ಕಡೆ ಇನ್ನೂ ಇವೆ. ಅವುಗಳಿಗೆ ಪಠ್ಯಪುಸ್ತಕ, ಶಿಕ್ಷಕರ ಚಿಂತೆಯೇ ಸಾಕಷ್ಟಿದೆ, ಸುಳಾದಿ ಅವುಗಳ ಹೊಣೆಯೂ ಅಲ್ಲ. ಕರ್ನಾಟಕದ ಕಡೆಯೂ ಸ್ಥಿತಿ ಬಹಳ ಭಿನ್ನವಾಗಿಲ್ಲವೆಂಬುದು ನಿಜ. ಅಲ್ಲಿಯೂ ಸುಳಾದಿ ಬಹುಪಾಲು ಪಾರಾಯಣದ ಪಠ್ಯವಾಗಿದೆ, ತಾಳ ಬಿಟ್ಟು ಓದುವುದೇ ರೂಢಿಯಾಗುತ್ತಿದೆ.

ಹಂಪೆಯ ಮಂಟಪದ ಒಂದೊಂದು ಕಂಬಕ್ಕೂ ಇಂದು ಅಳತೆಯಿದೆ, ಛಾಯಾಚಿತ್ರವಿದೆ, ಕಂಪನದ ಲೆಕ್ಕವಿದೆ. ಮಂಟಪ ನೋಡಲು ಆಲೂರಿನಿಂದ ಬಂದವರಲ್ಲಿ, ಅಡ್ಡಗಟ್ಟೆಯ ಈಚೆ ನಿಂತವರಲ್ಲಿ, ಧ್ರುವತಾಳದಿಂದ ಜತೆಯವರೆಗೆ ತಪ್ಪದೆ ಸಾಗಬಲ್ಲ ಹಿರಿಯರೊಬ್ಬರು ಇದ್ದರೂ ಇರಬಹುದು. ಟಿಕೆಟ್ಟಿನ ಲೆಕ್ಕದಲ್ಲಿ ಅವರು ಹೊರರಾಜ್ಯದ ಒಬ್ಬ ಪ್ರವಾಸಿ.